ಗಾಳಿಯೆಂದು ಹೇಳಿದ ನಡುಕ

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಒಂದು ಪ್ರಶ್ನೆಗೆ ನಾನು ನಿಜ ಹೇಳಲಿಲ್ಲ. ನನ್ನ ಅಕ್ಕ ಸಾಕಮ್ಮನ ಎದೆಯಲ್ಲಿ ಔಷಧಿಗೆಂದು ಕೂರಿಸಿದ್ದ ಡಬ್ಬಿಯನ್ನು ತೊಳೆದ ಮೇಲೆ ಅವಳಿಗೆ ನಡುಕ ಬಂದಿತ್ತೇ ಎಂದು ಅವರು ಕೇಳಿದರು. ಬಂದಿತ್ತು. ಆಟೋದಲ್ಲಿ ಅವಳ ಪಕ್ಕದಲ್ಲೇ ಕೂತು ನೋಡಿದ್ದೆ. ಆ ನಡುಕದ ಅರ್ಥವೂ ನನಗೆ ಗೊತ್ತಿತ್ತು. ಅಂಥವೇ ಡಬ್ಬಿಗಳನ್ನು ಕುರಿಗಳ ಮೈಯೊಳಗಿಟ್ಟು ಪರೀಕ್ಷೆ ಮಾಡುವ ಕಡೆ ನಾನು ನಿವೃತ್ತಿಯಾಗುವವರೆಗೆ ಕೆಲಸ ಮಾಡಿದವನು. ಆದರೂ ಇಲ್ಲ ಎಂದೆ.

ನಮ್ಮ ಅನಿಮಲ್ ಹೌಸಿಗೆ, ಅಂದರೆ ಆ ಪರೀಕ್ಷೆಯ ಪ್ರಾಣಿಗಳನ್ನು ಸಾಕುವ ಜಾಗಕ್ಕೆ, ಹೊಸದಾಗಿ ಸೇರುವವರಿಗೆ ಏನಾದರೂ ಬರೆದುಕೊಡಿ ಎಂದು ಅಲ್ಲಿನವರು ಹೇಳಿ ಬಹಳ ದಿನವಾಯಿತು. ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು. ಬರೆಯಲು ಕೂತಾಗಲೆಲ್ಲ ಮೇಲಿನ ಮಾತೇ ಮೊದಲು ಬರುತ್ತಿತ್ತು, ಪೆನ್ನು ಕೆಳಗಿಡುತ್ತಿದ್ದೆ. ಈಗ ಅದನ್ನೇ ಮೊದಲು ಬರೆದಿದ್ದೇನೆ. ಇನ್ನು ಉಳಿದದ್ದನ್ನು ಹೇಳಬಹುದು.

ಅಕ್ಕ ಕಲಾಸಿಪಾಳ್ಯದಲ್ಲಿ ಸೊಪ್ಪು ಮಾರುತ್ತಿದ್ದಳು. ಅಪ್ಪ ಅಮ್ಮ ಬೇಗ ಹೋದರು, ನನ್ನನ್ನು ಬೆಳೆಸಿದ್ದು ಅವಳೇ. ಮಾರಾಟವಾಗದೆ ಉಳಿದ ಮೂಲಂಗಿ ಸೊಪ್ಪು, ಎಲೆಕೋಸಿನ ಹೊರಗಿನ ಎಲೆ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ನನ್ನ ತಲೆಯ ಮೇಲೆ ಹೊರಿಸಿ, ಚಾಮರಾಜಪೇಟೆಯ ಒಂದು ಹಳೇ ಬಂಗಲೆಗೆ ಕಳಿಸುತ್ತಿದ್ದಳು. ಬಂಗಲೆಯ ಮುಂಭಾಗದಲ್ಲಿ ಪ್ರಯೋಗಶಾಲೆ, ಹಿಂದಿನ ಶೆಡ್ಡಿನಲ್ಲಿ ಮೊಲ ಮತ್ತು ಕುರಿಗಳು. ಅಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುತ್ತಿದ್ದವರು ಅನ್ವರ್ ಭಾಯ್. ಒಂದು ದಿನ ಅವರು ಚೀಲ ಇಳಿಸಿಕೊಳ್ಳುತ್ತಾ ಕೇಳಿದರು.

“ಪ್ರಾಣಿ ಕಂಡ್ರೆ ಭಯ ಏನಪ್ಪಾ?”

“ಸ್ವಲ್ಪ ಇದೆ.”

“ಡಾಕ್ಟರ್ ಕಂಡ್ರೆ?”

“ಜಾಸ್ತಿ ಇದೆ.”

“ಹಾಗಾದ್ರೆ ಸೇರ್ಕೊ. ಭಯ ಇಲ್ದೋನು ಈ ಶೆಡ್ಡಿಗೆ ಲಾಯಕ್ಕಿಲ್ಲ. ಬಾಗಿಲು ತೆಗೆದಿಟ್ಟು ಟೀ ಕುಡಿಯೋಕೆ ಹೋಗ್ಬಿಡ್ತಾನೆ.”

ಭಯ ನನಗೆ ಬೇಕಾದಷ್ಟಿತ್ತು. ಸಂಜೆ ಬೀಗ ಹಾಕಿ ಮಾವಳ್ಳಿಯ ಮನೆಗೆ ಅರ್ಧ ದಾರಿ ನಡೆದಿರುತ್ತಿದ್ದೆ, ಮತ್ತೆ ಹಿಂದಿರುಗಿ ಬೀಗ ಎಳೆದು ನೋಡುತ್ತಿದ್ದೆ. ನೀರಿನ ತೊಟ್ಟಿ ತುಂಬಿಸಿದೆನೋ ಇಲ್ಲವೋ ಎಂದು ಊಟದ ನಡುವೆ ಏಳುತ್ತಿದ್ದೆ. “ಕುರಿ ಕಾಯೋಕೆ ಹೋದೋನಿಗೆ ಕುರಿ ಬುದ್ಧಿನೇ ಬಂತು, ಕೂತ್ಕೊಂಡು ತಿನ್ನೋ,” ಎಂದು ಅಕ್ಕ ತಟ್ಟೆಯ ಕಡೆ ಕೈ ತೋರಿಸುತ್ತಿದ್ದಳು.

ಡಬ್ಬಿ ಎಂದೆನಲ್ಲ, ಅದನ್ನು ಪೋರ್ಟ್ ಎನ್ನುತ್ತಾರೆ. ದೊಡ್ಡ ನಾಣ್ಯದಷ್ಟು ಅಗಲ, ಮೇಲೆ ರಬ್ಬರಿನಂಥ ಮುಚ್ಚಳ, ಪಕ್ಕದಿಂದ ಹೊರಡುವ ಸಣ್ಣ ಕೊಳವೆ. ಚರ್ಮದ ಕೆಳಗೆ ಡಬ್ಬಿಯನ್ನಿಟ್ಟು, ಕೊಳವೆಯನ್ನು ಕತ್ತಿನ ದೊಡ್ಡ ರಕ್ತನಾಳದೊಳಕ್ಕೆ ಇಳಿಸಿ ಹೊಲಿದುಬಿಡುತ್ತಾರೆ. ಆಮೇಲೆ ಚರ್ಮದ ಮೇಲಿನಿಂದ ಮುಚ್ಚಳಕ್ಕೆ ಸೂಜಿ ಚುಚ್ಚಿದರೆ ಸಾಕು, ಔಷಧಿ ನೇರವಾಗಿ ರಕ್ತಕ್ಕೆ ಸೇರುತ್ತದೆ. ಕ್ಯಾನ್ಸರ್ ಔಷಧಿಯಂಥ ಖಾರದ ಔಷಧಿಗಳಿಗೆ ಕೈಯ ನರಗಳು ಸುಟ್ಟಹಾಗೆ ಆಗುತ್ತವೆ, ಆಮೇಲೆ ಎಲ್ಲಿ ಹುಡುಕಿದರೂ ನರ ಸಿಗುವುದಿಲ್ಲ. ಆ ಕಷ್ಟ ತಪ್ಪಿಸಲು ಈ ಡಬ್ಬಿ. ಮನುಷ್ಯರಿಗೆ ಹಾಕುವ ಮೊದಲು ಅದು ಒಳಗೆ ಕಟ್ಟಿಕೊಳ್ಳುತ್ತದೆಯೇ, ಕೀವಾಗುತ್ತದೆಯೇ, ಕೊಳವೆ ಜಾರುತ್ತದೆಯೇ ಎಂದು ಕುರಿಗಳಲ್ಲಿ ನೋಡುತ್ತಿದ್ದರು. ಕುರಿಯ ಕತ್ತಿನ ರಕ್ತನಾಳ ದಪ್ಪ, ಮೈ ನಮ್ಮಷ್ಟೇ ತೂಕ, ಗಲಾಟೆಯೂ ಕಡಿಮೆ.

ಆಪರೇಷನ್ ಮಾಡುತ್ತಿದ್ದವರು ಶಾರದಾ ಮೇಡಂ. ಪಶುವೈದ್ಯರು, ನಮ್ಮೆಲ್ಲರಿಗೂ ಮೇಲಿನವರು. ಆಮೇಲಿನ ಕೆಲಸ ನಮ್ಮದು. ಡಬ್ಬಿಯ ಜಾಗವನ್ನು ದಿನವೂ ಬೆರಳಿನಿಂದ ತಡವಿ ಬಿಸಿಯಿದೆಯೇ ಊತವಿದೆಯೇ ನೋಡಬೇಕು. ಹೇಳಿದ ದಿನ ಉಪ್ಪುನೀರು ಬಿಟ್ಟು ಕೊಳವೆಯನ್ನು ತೊಳೆಯಬೇಕು. ಅದಕ್ಕೆ ಫ್ಲಶ್ ಮಾಡುವುದು ಎನ್ನುತ್ತಾರೆ. ಮೊದಲಲ್ಲಿ ನನ್ನ ಕೈಯಲ್ಲಿ ಅದನ್ನು ಮಾಡಿಸುತ್ತಿರಲಿಲ್ಲ. ಕೆಲವು ವರ್ಷಗಳ ನಂತರ ಮೇಡಂ ಪಕ್ಕದಲ್ಲೇ ನಿಂತು ಕಲಿಸಿದರು.

ಅದರಲ್ಲಿ ನಾನು ಮಾಡಿದ ಮೊದಲ ತಪ್ಪು ಚಿಕ್ಕದಾಗಿ ಕಾಣುತ್ತದೆ. ಉಪ್ಪುನೀರು ಮುಗಿಯುವಾಗ ಹೆಬ್ಬೆರಳಿನಿಂದ ಸಿರಿಂಜನ್ನು ಒತ್ತುತ್ತಲೇ ಸೂಜಿ ಹೊರಗೆಳೆಯಬೇಕು. ಬೆರಳು ಮೊದಲೇ ಸಡಿಲ ಬಿಟ್ಟರೆ ಕೊಳವೆಯ ತುದಿಗೆ ಒಂದು ಹನಿ ರಕ್ತ ವಾಪಸು ಬಂದು ಅಲ್ಲೇ ಗಟ್ಟಿಯಾಗುತ್ತದೆ. ಕುರಿ ಕಾಲು ಝಾಡಿಸಿತೆಂದು ಹೆದರಿ ನಾನು ಬೆರಳು ಬಿಟ್ಟೆ. ಮುಂದಿನ ಸಲ ನೀರು ಒಳಗೆ ಹೋಗಲಿಲ್ಲ. ಮೇಡಂ ಬೈಯಲಿಲ್ಲ. ಆ ಡಬ್ಬಿ ಹೊರಬಂದ ದಿನ ನನ್ನನ್ನು ಕರೆದು ಕೊಳವೆಯನ್ನು ಉದ್ದಕ್ಕೆ ಸೀಳಿದರು. ಒಳಗೆ ಕರೀ ದಾರದಂತೆ ರಕ್ತ ಕೂತಿತ್ತು.

“ಬೆರಳು ಯಾಕ್ರೀ ಬಿಟ್ರಿ ಮುನಿರಾಜು?”

“ಗಾಬರಿಯಾಯ್ತು ಮೇಡಂ.”

“ಗಾಬರಿ ಆಗ್ಲಿ. ಬೆರಳು ಬಿಡ್ಬೇಡಿ. ಎರಡೂ ಒಟ್ಟಿಗೆ ಆಗುತ್ತೆ.”

ಎರಡೂ ಒಟ್ಟಿಗೆ ಆಗುತ್ತದೆ ಎಂಬುದನ್ನು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು. ಹೊಸಬರೂ ಕಲಿಯಬಹುದು. ಕೈ ನಡುಗುವವನು ಈ ಕೆಲಸಕ್ಕೆ ಬಾರದವನೇನಲ್ಲ.

ಕೆಲಸದ ರೀತಿಯೂ ಬದಲಾಯಿತು. ಮೊದಲು ಕುರಿಯನ್ನು ಕಬ್ಬಿಣದ ಚೌಕಟ್ಟಿನೊಳಗೆ ತಳ್ಳಿ, ಇಬ್ಬರು ಹಿಡಿದುಕೊಂಡು ಫ್ಲಶ್ ಮಾಡುತ್ತಿದ್ದೆವು. ಅದರ ಎದೆ ಬಡಿತ ನನ್ನ ಅಂಗೈಗೆ ಹೊಡೆಯುತ್ತಿತ್ತು. ಒಂಟಿಯಾಗಿ ಇಟ್ಟ ಕುರಿ ಮೇವು ಬಿಡುತ್ತಿತ್ತು. ಆಮೇಲೆ ನಿಯಮಗಳು ಬಂದವು, ಪ್ರಾಣಿಗಳನ್ನು ಸರಿಯಾಗಿ ನೋಡಿಕೊಳ್ಳುತ್ತೇವೆಯೇ ಎಂದು ಕಮಿಟಿಯವರು ಬಂದು ನೋಡಲು ಶುರುಮಾಡಿದರು. ಕುರಿಗಳನ್ನು ಜೊತೆಜೊತೆಯಾಗಿ ಇಟ್ಟೆವು, ಚೌಕಟ್ಟು ಮೂಲೆಗೆ ಹೋಯಿತು. ಆಪರೇಷನ್ನಿಗೆ ವಾರಗಳ ಮೊದಲೇ ಅವುಗಳ ಸ್ನೇಹ ಮಾಡಿಕೊಳ್ಳಬೇಕು ಎಂದರು ಮೇಡಂ. ಅವರೆಕಾಯಿ ಕಾಲದಲ್ಲಿ ಅಕ್ಕನ ಅಂಗಡಿಯ ಸುತ್ತ ಸಿಪ್ಪೆಯ ರಾಶಿ ಬೀಳುತ್ತಿತ್ತು. ಅದನ್ನು ತಂದು ಅಂಗೈಯಲ್ಲಿಟ್ಟು ತಿನ್ನಿಸುತ್ತಾ ಕತ್ತು ತಡವುತ್ತಿದ್ದೆ. ಹಾಗೆ ಅಭ್ಯಾಸವಾದ ಕುರಿ ಸೂಜಿಗೂ ನಿಂತುಕೊಳ್ಳುತ್ತಿತ್ತು. ಸಿಪ್ಪೆಯ ಕಾಲ ಮುಗಿದಾಗ ಅನ್ವರ್ ಭಾಯ್ ಬಾಳೆಹಣ್ಣಿನ ಸಿಪ್ಪೆ ಹಿಡಿದು ನೋಡಿದರು. ಕುರಿಗಳು ಮುಖ ತಿರುಗಿಸಿದವು. “ಬೆಂಗಳೂರು ನೀರು ಕುಡಿದವಲ್ಲ, ಇವಕ್ಕೂ ಸೊಗಡು ಅವರೇನೇ ಬೇಕು,” ಎಂದರು.

ಕುರಿಗಳಿಗೆ ಕಿವಿಯಲ್ಲಿ ಅಂಕಿಯಿರುತ್ತಿತ್ತು. ಹೆಸರಿಡಬಾರದು ಎಂಬುದು ಅಲ್ಲಿನ ಪದ್ಧತಿ. ಅನ್ವರ್ ಭಾಯ್ ಇಟ್ಟೇಬಿಡುತ್ತಿದ್ದರು, ಅದೂ ಬಡಾವಣೆಗಳ ಹೆಸರು. ಮಲ್ಲೇಶ್ವರ ಎಂಬುದು ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಚಿಕ್ಕಪೇಟೆ ಎಂಬುದು ಇಕ್ಕಟ್ಟು ಸಿಕ್ಕರೆ ಸಾಕು, ಗೋಡೆಗೂ ತೊಟ್ಟಿಗೂ ನಡುವೆ ನುಗ್ಗಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅದನ್ನು ದಿನವೂ ಬಿಡಿಸಿ ಬಿಡಿಸಿ ನನಗೆ ಅದರ ಮೇಲೆ ಅಕ್ಕರೆ ಬೆಳೆಯಿತು.

ಇನ್ನು ನಡುಕದ ವಿಷಯ. ಕೊಳವೆಯೊಳಗೆ ಕ್ರಿಮಿ ಸೇರಿ ಕೂತಿದ್ದರೆ ಸುಮ್ಮನಿದ್ದಾಗ ಏನೂ ಗೊತ್ತಾಗದು. ಫ್ಲಶ್ ಮಾಡಿದಾಗ ಅವೆಲ್ಲ ಒಟ್ಟಿಗೆ ರಕ್ತಕ್ಕೆ ನುಗ್ಗುತ್ತವೆ, ಸ್ವಲ್ಪ ಹೊತ್ತಿನಲ್ಲೇ ಮೈ ನಡುಗುತ್ತದೆ. ಆಮೇಲೆ ನಿಂತುಹೋಗುತ್ತದೆ. ಕುರಿ ಮತ್ತೆ ಮೇವಿಗೆ ಬಾಯಿ ಹಾಕುತ್ತದೆ. ಕುರಿ ತನ್ನ ಕಾಯಿಲೆಯನ್ನು ಆದಷ್ಟೂ ಬಚ್ಚಿಡುತ್ತದೆ, ಅದರ ಜಾತಿಯೇ ಹಾಗೆ. ಆದ್ದರಿಂದ ಫ್ಲಶ್ ಆದಮೇಲೆ ಪಕ್ಕದಲ್ಲಿ ಕೂತು ನೋಡಬೇಕು, ನಡುಕ ಕಂಡರೆ ತಕ್ಷಣ ಮೇಡಂಗೆ ಹೇಳಬೇಕು. ಹೇಳಿದರೆ ರಕ್ತ ಪರೀಕ್ಷೆ. ಕ್ರಿಮಿ ಸೇರಿದೆ ಎಂದು ಖಚಿತವಾದರೆ ಆ ಕುರಿಯ ಕಥೆ ಮುಗಿಯಿತು. ಔಷಧಿ ಕೊಟ್ಟು ಉಳಿಸಿಕೊಂಡರೆ ಡಬ್ಬಿಯ ಪರೀಕ್ಷೆ ಕೆಡುತ್ತದೆಂದು, ನೋವಿಲ್ಲದ ಇಂಜೆಕ್ಷನ್ ಕೊಟ್ಟು ಒಳಗೆ ಏನಾಗಿದೆ ಎಂದು ನೋಡುತ್ತಿದ್ದರು.

ಅಂದರೆ ನಮ್ಮ ಶೆಡ್ಡಿನಲ್ಲಿ ನಡುಕ ಎಂಬ ಮಾತು ನನ್ನ ಬಾಯಿಂದ ಹೊರಟರೆ ಒಂದು ಕುರಿ ಹೋಗುತ್ತಿತ್ತು. ಹೇಳಿದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಆದರೂ ಹೇಳುತ್ತಿದ್ದೆ.

ಚಿಕ್ಕಪೇಟೆ ನಡುಗಿದ ದಿನ ಹೇಳಲಿಲ್ಲ. ಛಳಿಗಾಲದ ಬೆಳಿಗ್ಗೆ, ಶೆಡ್ಡಿನೊಳಗೆ ಗಾಳಿ ಬರುತ್ತಿತ್ತು. ಛಳಿಗೇ ಇರಬೇಕು ಎಂದುಕೊಂಡು ಗೋಣಿ ಹೊದಿಸಿದೆ. ಸುತ್ತ ನಿಂತ ಬೇರೆ ಯಾವ ಕುರಿಯೂ ನಡುಗುತ್ತಿರಲಿಲ್ಲ, ಅದನ್ನು ನೋಡಿಯೂ ನೋಡದವನಂತೆ ಇದ್ದೆ. ಅದು ಮತ್ತೆ ಎದ್ದು ನಿಂತು ತಿಂದಿತು. ಮುಂದಿನ ಫ್ಲಶ್‌ಗೂ ಹಾಗೇ ಆಯಿತು, ಆಗಲೂ ಬಾಯಿ ಬಿಡಲಿಲ್ಲ. ಕೆಲವು ದಿನಗಳ ಮೇಲೆ ಬೆಳಿಗ್ಗೆ ಹೋದಾಗ ಅದು ಗೋಡೆಯ ಪಕ್ಕ ಮಲಗಿ ಹಲ್ಲು ಕಡಿಯುತ್ತಿತ್ತು. ಕುರಿ ಹಲ್ಲು ಕಡಿಯುವುದು ತಡೆಯಲಾರದ ನೋವಿಗೆ. ಮೇಡಂ ಬರುವಷ್ಟರಲ್ಲಿ ಪ್ರಾಣ ಹೋಗಿತ್ತು. ಕ್ರಿಮಿ ಹೃದಯದವರೆಗೆ ಹೋಗಿತ್ತು.

“ಮೊದ್ಲೇ ನಡುಗಿತ್ತಾ?” ಎಂದು ಮೇಡಂ ಕೇಳಿದರು.

ನಾನು ಹೌದೆಂದು ತಲೆಯಾಡಿಸಿದೆ.

“ಹೇಳಿದ್ರೆ ನೋವಿಲ್ದೆ ಹೋಗ್ತಿತ್ತು. ನೀವು ಉಳಿಸ್ಲಿಲ್ಲ ಮುನಿರಾಜು, ನರಳಿಸಿದ್ರಿ.” ಅವರು ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿ ಮತ್ತೆ ನನ್ನ ಕಡೆ ತಿರುಗಿದರು. “ನಾಳೆ ಈ ಡಬ್ಬಿ ಯಾರದೋ ಎದೆಯೊಳಗೆ ಕೂರುತ್ತೆ. ಅವರ ಪಕ್ಕದಲ್ಲೂ ಯಾರೋ ಒಬ್ಬರು ಕೂತಿರ್ತಾರೆ. ಅವರೂ ಹಿಂಗೇ ಸುಮ್ನಿದ್ರೆ?”

ಅವರು ದೂರು ಬರೆಯಲಿಲ್ಲ. ಬರೆದಿದ್ದರೆ ಒಂದು ರೀತಿ ಹಗುರವಾಗುತ್ತಿತ್ತು. ಅಲ್ಲಿಂದ ಮುಂದೆ ನಾನು ಒಂದೂ ನಡುಕವನ್ನು ಬಚ್ಚಿಡಲಿಲ್ಲ. ಅನುಮಾನ ಬಂದರೂ ಹೋಗಿ ಹೇಳುತ್ತಿದ್ದೆ. “ಈಗ ಕುರಿ ಬಾಲ ಅಲ್ಲಾಡಿಸಿದ್ರೂ ಓಡಿ ಬರ್ತಾನೆ,” ಎಂದು ಅನ್ವರ್ ಭಾಯ್ ನಗುತ್ತಿದ್ದರು. ಪಾಠ ಕಲಿತೆ ಎಂದುಕೊಂಡೇ ನಿವೃತ್ತನಾದೆ.

ಆಮೇಲೆ ಅಕ್ಕನಿಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು, ಕ್ಯಾನ್ಸರ್ ಔಷಧಿ ಶುರುವಾಯಿತು. ಎರಡು ಸಲದಲ್ಲೇ ಕೈಯ ನರಗಳು ಕಪ್ಪಾದವು. ಪೋರ್ಟ್ ಹಾಕೋಣ ಎಂದರು ಡಾಕ್ಟರು. ಚಿಕ್ಕ ವಯಸ್ಸಿನವರು, ಸಮಾಧಾನದಿಂದ ಮಾತಾಡುವವರು. ಅಕ್ಕ ನನ್ನ ಮುಖ ನೋಡಿದಳು. “ಹಾಕಿಸ್ಕೊ ಅಕ್ಕ, ಒಳ್ಳೇದು,” ಎಂದೆ. ಹೊಲಿಗೆ ಒಣಗಿದ ಮೇಲೆ ನಾನು ಅವಳ ಕೊರಳ ಮೂಳೆಯ ಕೆಳಗೆ ಬೆರಳಿಟ್ಟು ನೋಡಿದೆ. ಅದೇ ಗಾತ್ರ, ಅದೇ ಗುಂಡನೆಯ ಅಂಚು.

“ಏನೋ, ಕುರಿ ತಡವಿದ ಹಾಗೆ ತಡವ್ತೀಯಲ್ಲ. ಬಿಸಿ ಇದೆಯೇನೋ?”

“ಇಲ್ಲ.”

“ಹಾಗಾದ್ರೆ ಆ ಮುಖ ಯಾಕೆ? ಮೇವು ಹಾಕು ಹೋಗು, ಹಸಿವಾಗ್ತಿದೆ.”

ವಾರ್ಡಿನಲ್ಲೆಲ್ಲ ಅವಳದೇ ಮಾತು. “ನಮ್ಮ ಮುನಿ ಈ ಡಬ್ಬಿ ಕೆಲಸದಲ್ಲೇ ಇದ್ದೋನು, ಅವನು ಪಕ್ಕದಲ್ಲಿದ್ರೆ ನನಗೆ ಭಯ ಇಲ್ಲ,” ಎಂದು ನರ್ಸುಗಳಿಗೆ, ಪಕ್ಕದ ಹಾಸಿಗೆಯವರಿಗೆ, ಲಿಫ್ಟ್ ಓಡಿಸುವವನಿಗೂ ಹೇಳುತ್ತಿದ್ದಳು. ನಾನು ಬರೀ ಕುರಿ ಹಿಕ್ಕೆ ಗುಡಿಸುವವನಾಗಿದ್ದರೆ ಚೆನ್ನಾಗಿತ್ತು ಎನಿಸುತ್ತಿತ್ತು. ನರ್ಸು ಫ್ಲಶ್ ಮಾಡುವಾಗ ನಾನು ಅವರ ಹೆಬ್ಬೆರಳನ್ನೇ ನೋಡುತ್ತಿದ್ದೆ. ಅವರು ಎಂದೂ ತಪ್ಪು ಮಾಡಲಿಲ್ಲ.

ಕೊನೆಯ ಔಷಧಿಗೆ ಒಂದು ವಾರ ಮೊದಲು ಫ್ಲಶ್ ಮಾಡಿಸಿಕೊಂಡು ಆಟೋದಲ್ಲಿ ಮನೆಗೆ ಬರುತ್ತಿದ್ದೆವು. ಮಿನರ್ವ ಸರ್ಕಲ್ ಹತ್ತಿರ ಸಿಗ್ನಲ್ ಬಿತ್ತು. ಅಕ್ಕನ ಮೊಣಕಾಲು ನನ್ನ ಮೊಣಕಾಲಿಗೆ ಬಡಿಯಲು ಶುರುವಾಯಿತು. ತಿರುಗಿ ನೋಡಿದರೆ ದವಡೆ ಅದುರುತ್ತಿತ್ತು, ಕೈಯಲ್ಲಿದ್ದ ನೀರಿನ ಬಾಟಲಿ ಕುಣಿಯುತ್ತಿತ್ತು. ಹೊರಗೆ ಬಿಸಿಲು.

“ಇದೇನೋ ಮುನಿ, ಹಿಂಗೆ ನಡುಗ್ತಿದೀನಿ?”

“ಗಾಳಿ ಅಕ್ಕ. ಸೆರಗು ಹೊದ್ಕೊ.”

ಅವಳು ಹೊದ್ದುಕೊಂಡಳು. ನಾನು ಹೇಳಿದೆನೆಂದು ನಂಬಿ ಹೊದ್ದುಕೊಂಡಳು. ಮನೆ ತಲುಪುವಷ್ಟರಲ್ಲಿ ನಡುಕ ನಿಂತಿತು, ಮುದ್ದೆ ಕೇಳಿ ತಿಂದಳು. ಚಿಕ್ಕಪೇಟೆಯೂ ಹೀಗೇ ಎದ್ದು ತಿಂದಿತ್ತು. ಆ ವಾರವೆಲ್ಲ ಅವಳ ಹಣೆ ಮುಟ್ಟುತ್ತಿದ್ದೆ. ಬಿಸಿಯಿಲ್ಲದಿದ್ದರೆ ಸ್ವಲ್ಪ ಉಸಿರು, ಒಂದು ಗಂಟೆ ಕಳೆದರೆ ಮತ್ತೆ ಮುಟ್ಟುವುದು. ಹೇಳಬೇಕು ಎಂದುಕೊಳ್ಳುವುದು, ಫೋನ್ ತೆಗೆಯುವುದು, ಇಡುವುದು.

ಯಾಕೆ ಹೇಳಲಿಲ್ಲ ಎಂದು ನೀವು ಕೇಳುತ್ತೀರಿ. ಮನುಷ್ಯರಿಗೆ ನಡುಕ ಬಂದರೆ ಡಬ್ಬಿ ತೆಗೆದು ಔಷಧಿ ಕೊಟ್ಟು ಉಳಿಸುತ್ತಾರೆ, ಅದಕ್ಕೇ ಕೇಳುತ್ತಾರೆ. ಇದು ನನ್ನ ತಲೆಗೆ ಗೊತ್ತಿತ್ತು. ಆದರೆ ಅಷ್ಟು ವರ್ಷ ನನ್ನ ನಾಲಿಗೆ ಕಲಿತದ್ದು ಬೇರೆ. ನಾನು ನಡುಕ ಎಂದಾಗಲೆಲ್ಲ ಒಂದು ಪ್ರಾಣಿ ಶೆಡ್ಡಿನಿಂದ ಹೋಗಿತ್ತು. ಅಕ್ಕನ ಬಗ್ಗೆ ಆ ಮಾತು ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಅವಳನ್ನು ನಾನೇ ಕಳಿಸಿಕೊಟ್ಟಂತೆ ಎನಿಸಿತು. ಹೇಳದೆ ಇದ್ದರೆ ಚಿಕ್ಕಪೇಟೆ ಹೇಗೆ ಹೋಯಿತು ಎಂಬುದನ್ನು ಮರೆತೆನೇ? ಮರೆತಿರಲಿಲ್ಲ. ಎರಡು ಭಯಗಳ ನಡುವೆ ಸುಮ್ಮನಿರುವುದೇ ಸುಲಭವಾಯಿತು.

ಕೊನೆಯ ಔಷಧಿಯ ದಿನ ಡಾಕ್ಟರು ಕೇಳಿದರು. “ಹೋದ ಸಲ ಫ್ಲಶ್ ಆದ್ಮೇಲೆ ಛಳಿ, ನಡುಕ ಏನಾದ್ರೂ ಬಂತಾ ಅಮ್ಮ?”

ಅಕ್ಕ ಹೇಳಲು ಬಾಯಿ ತೆರೆದಳು. “ಆಟೋದಲ್ಲಿ ಸ್ವಲ್ಪ ನಡುಗ್ದೆ ಸಾರ್...” ಎಂದು ನನ್ನ ಕಡೆ ತಿರುಗಿದಳು. “ಅಲ್ವೇನೋ ಮುನಿ?”

“ಇಲ್ಲ ಸಾರ್. ಬರೀ ಗಾಳಿ ಹೊಡೀತು, ಅಷ್ಟೇ. ನಡುಕ ಏನಿಲ್ಲ,” ಎಂದೆ.

“ಇವನಿಗೆ ಗೊತ್ತಾಗುತ್ತೆ ಸಾರ್. ಇವನು ಇದೇ ಕೆಲಸದಲ್ಲಿದ್ದೋನು,” ಎಂದಳು ಅಕ್ಕ.

ಡಾಕ್ಟರು ಔಷಧಿ ಬರೆದರು. ಅದು ಮೈಯ ಶಕ್ತಿಯನ್ನೆಲ್ಲ ಇಳಿಸುವ ಔಷಧಿ. ಒಳಗೆ ಕೂತ ಕ್ರಿಮಿಗೆ ಅದಕ್ಕಿಂತ ಒಳ್ಳೆಯ ಕಾಲ ಬೇರೆ ಬೇಕಿರಲಿಲ್ಲ. ಎರಡು ದಿನದಲ್ಲಿ ಅವಳಿಗೆ ಎಚ್ಚರ ತಪ್ಪಿತು, ಬಿ.ಪಿ. ಬಿತ್ತು, ಐ.ಸಿ.ಯುಗೆ ಸೇರಿಸಿದರು. ಡಬ್ಬಿಯನ್ನು ತೆಗೆದರು. ಆಗ ಡಾಕ್ಟರನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಅವರು ಗೋಡೆಗೆ ಒರಗಿ ಕೇಳಿಸಿಕೊಂಡರು.

“ಅವತ್ತು ಹೇಳಿದ್ರೆ ಮೊದ್ಲು ಡಬ್ಬಿ ತೆಗೀತಿದ್ದೆ. ಸಾಧಾರಣ ಔಷಧಿ ಸಾಕಾಗ್ತಿತ್ತೇನೋ,” ಎಂದರು. “ಈಗ ಕೊಡ್ತಿರೋದು ಬಲವಾದ ಔಷಧಿ. ಕಿವಿಗೆ ಪೆಟ್ಟು ಬೀಳಬಹುದು. ಬೇರೆ ದಾರಿ ಇಲ್ಲ. ಕೊಡ್ಲಾ?”

“ಕೊಡಿ ಸಾರ್.”

ಅಕ್ಕ ಉಳಿದಳು. ಕಿವಿ ಹೋಯಿತು. ಮೆಷಿನ್ ಹಾಕಿಸಿದೆ, ಅದನ್ನು ಹಾಕಿಕೊಂಡರೂ ಮುಖಕ್ಕೆ ಮುಖ ಕೊಟ್ಟು ಕೂಗಿದರಷ್ಟೇ ಕೇಳುತ್ತದೆ. ಕಲಾಸಿಪಾಳ್ಯದ ಜಾಗ ಬಿಡಬೇಕಾಯಿತು. ಗಿರಾಕಿ ಕೇಳುವುದೊಂದು, ಅವಳು ಕೊಡುವುದೊಂದು ಆಗುತ್ತಿತ್ತು. ಅವಳ ವ್ಯಾಪಾರವೆಂದರೆ ಸೊಪ್ಪಿಗಿಂತ ಮಾತೇ ಹೆಚ್ಚಾಗಿತ್ತು. “ಚೌಕಾಸಿ ಕೇಳೋ ಕಾಟ ತಪ್ತು ಬಿಡು,” ಎಂದು ನಕ್ಕಳು. ಕ್ಯಾನ್ಸರ್ ಔಷಧಿಯೇ ಕಿವಿಯನ್ನು ತಿಂದಿತು ಎಂದುಕೊಂಡಿದ್ದಳು. ನಾನೂ ಹಾಗೆಂದುಕೊಳ್ಳಲು ಬಿಟ್ಟೆ. ಡಾಕ್ಟರಿಗೆ ಹೇಳಿದ್ದೇನಲ್ಲ, ಅದೇ ಸಾಕು ಎಂದು ಕೊನೆಯವರೆಗೂ ಎಳೆಯಬಹುದಿತ್ತು.

ಎಳೆಯಲು ಅವಳೇ ಬಿಡಲಿಲ್ಲ. ಮಾವಳ್ಳಿಯ ನಮ್ಮ ವಠಾರದಲ್ಲಿ ಯಾರು ಬಂದರೂ ಅವಳು ಹೇಳುತ್ತಿದ್ದುದು ಒಂದೇ. “ಮುನಿ ಇಲ್ದಿದ್ರೆ ನಾನು ಯಾವತ್ತೋ ಹೋಗಿರ್ತಿದ್ದೆ.” ತನಗೇ ಕೇಳದ್ದರಿಂದ ಅದನ್ನು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಆ ಮಾತು ಕಿವಿಗೆ ಬೀಳದಿರಲೆಂದು ನಾನು ಒಳಗೆ ಹೋಗಿ ನಲ್ಲಿ ತಿರುಗಿಸುತ್ತಿದ್ದೆ.

ಮೊನ್ನೆ ಭಾನುವಾರ ಬೆಳಿಗ್ಗೆ ಅವಳು ಜಗಲಿಯ ಮೇಲೆ ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಎದುರು ಮನೆಯ ಜಯಮ್ಮ ಬಂದು ಕೂತರು. ಅವರ ತಂಗಿಗೂ ಕ್ಯಾನ್ಸರ್, ಪೋರ್ಟ್ ಹಾಕುತ್ತಾರಂತೆ.

“ಮುನೀನ ಕರ್ಕೊಂಡು ಹೋಗಿ ಜಯಮ್ಮ, ಅವನು ನೋಡ್ಕೊತಾನೆ. ನನ್ನ ನೋಡ್ಕೊಳ್ಲಿಲ್ವಾ?” ಎಂದಳು ಅಕ್ಕ.

“ಬರ್ತೀರಾ ಮುನಿರಾಜಣ್ಣ?” ಎಂದರು ಜಯಮ್ಮ.

ಇನ್ನೊಬ್ಬ ಹೆಂಗಸು ನನ್ನ ಮಾತು ನಂಬಿ ಸೆರಗು ಹೊದೆಯುವುದು ಕಣ್ಣಿಗೆ ಬಂತು. ನಾನು ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತೆ.

“ಅಕ್ಕ, ನಿನಗೊಂದು ಹೇಳ್ಬೇಕು.”

“ಕೇಳಿಸ್ಲಿಲ್ಲ ಕಣೋ.”

ಅವಳ ಕಿವಿಯ ಹತ್ತಿರ ಬಾಗಿ ಇನ್ನೊಮ್ಮೆ ಹೇಳಿದೆ. ಅವಳು ಮೆಷಿನ್ ತಿರುಗಿಸಿಕೊಂಡು ತಲೆಯಲ್ಲಾಡಿಸಿದಳು. “ಗೊಣಗ್ಬೇಡ. ಬಾಯಿ ಬಿಟ್ಟು ಹೇಳು.”

ಅಕ್ಕನಿಗೆ ಓದು ಬರುವುದಿಲ್ಲ. ಚೀಟಿ ಬರೆದುಕೊಟ್ಟು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಜಯಮ್ಮ ಅಲ್ಲೇ ಕೂತಿದ್ದರು. ಮಹಡಿಯಲ್ಲಿ ಯಾರೋ ಬಟ್ಟೆ ಹಿಂಡುತ್ತಿದ್ದರು. ಎಲ್ಲರಿಗೂ ಕೇಳಿಸದೆ ಅವಳೊಬ್ಬಳಿಗೆ ಕೇಳಿಸುವಂತೆ ಹೇಳಲು ಸಾಧ್ಯವೇ ಇರಲಿಲ್ಲ, ಹಾಗೆ ಮಾಡಿಟ್ಟವನು ನಾನೇ. ಅವಳ ಎರಡೂ ಕೈ ಹಿಡಿದುಕೊಂಡೆ. ನನ್ನ ಕೈಗಳು ನಡುಗುತ್ತಿದ್ದವು, ಬಿಡಲಿಲ್ಲ.

“ಅಕ್ಕಾ, ಆಟೋದಲ್ಲಿ ನಿನಗೆ ಬಂದಿದ್ದು ಗಾಳಿಗಲ್ಲ,” ಎಂದು ಕೂಗಿದೆ. “ಡಬ್ಬಿಯಿಂದ ಬಂದ ನಡುಕ. ನನಗೆ ಅವತ್ತೇ ಗೊತ್ತಿತ್ತು. ಡಾಕ್ಟರ್ ಕೇಳ್ದಾಗ ನೀನು ಹೇಳೋಕೆ ಹೋದೆ, ನಾನು ಬಿಡ್ಲಿಲ್ಲ.”

ಮಹಡಿಯಲ್ಲಿ ನೀರಿನ ಸದ್ದು ನಿಂತಿತು. ಅಕ್ಕ ನನ್ನ ತುಟಿಗಳನ್ನೇ ನೋಡುತ್ತಿದ್ದಳು.

“ನಿನ್ನ ಕಿವಿ ಹೋಗಿದ್ದು ನನ್ನಿಂದ. ತಪ್ಪಾಯ್ತಕ್ಕ. ನನ್ನ ಕ್ಷಮಿಸು.”